ಹಸು ಬೌ ಬೌ ಅಂದರೆ ಮಗು ನಗಬೇಕು

ಮೊನ್ನೆ ಮೊಮ್ಮಗಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಪುಸ್ತಕ ಓದುತ್ತಿದ್ದೆ. ಚಿತ್ರದಲ್ಲಿ ಒಂದು ಎತ್ತು ಇತ್ತು. "ಈ ಎತ್ತು ಹಾಲು ಕೊಡ್ತಂತೆ, ಯಜಮಾನ ಚೊಂಬು ಹಿಡ್ಕೊಂಡು ಓಡಿ ಬಂದನಂತೆ" ಅಂದು ನಾನೇ ನಕ್ಕೆ. ಅವಳು ನಗಲಿಲ್ಲ. "ಆಮೇಲೆ?" ಅಂದಳು. ನಾಲ್ಕು ವರ್ಷದ ಮಗು, ಹುಟ್ಟಿ ಬೆಳೆದದ್ದು ಬೆಂಗಳೂರಿನ ಮೂರನೇ ಮಹಡಿಯಲ್ಲಿ. ಅವಳ ಲೆಕ್ಕದಲ್ಲಿ ಎತ್ತೂ ಅಂಬಾ, ಹಸುವೂ ಅಂಬಾ. ನಾವು ಚಿಕ್ಕವರಿದ್ದಾಗ 'ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು' ಅನ್ನೋ ಗಾದೆಗೆ ಬಿದ್ದು ಬಿದ್ದು ನಗುತ್ತಿದ್ದೆವು. ಯಾಕೆಂದರೆ ಕೊಟ್ಟಿಗೆಯಲ್ಲಿ ಎತ್ತೂ ಇತ್ತು, ಕರು ಹಾಕುವ ಹಸುವೂ ಇತ್ತು. ಸರಿ ಯಾವುದು ಅಂತ ಗೊತ್ತಿದ್ದರೆ ತಾನೆ ತಪ್ಪಿಗೆ ನಗು ಬರೋದು?

ಹಾಗಾಗಿ ಕೊಟ್ಟಿಗೆ ಪ್ರಾಣಿಗಳ ತಮಾಷೆ ಪುಸ್ತಕ ತರುವ ಮೊದಲು ಮಗುವಿಗೆ ನಿಜವಾದ ಪ್ರಾಣಿ ಒಂದೆರಡನ್ನಾದರೂ ತೋರಿಸಿ. ಊರಿಗೇ ಹೋಗಬೇಕು ಅಂತೇನಿಲ್ಲ. ಪೇಟೆಯ ಬೀದಿಯಲ್ಲೂ ಹಸು ನಿಂತಿರುತ್ತದೆ, ಮಾಂಸದಂಗಡಿ ಹತ್ತಿರ ಮೇಕೆ ಕಟ್ಟಿರುತ್ತಾರೆ, ಯಾರದೋ ಮನೆ ಹಿತ್ತಲಲ್ಲಿ ಕೋಳಿ ಕೆದಕುತ್ತಿರುತ್ತದೆ. ಐದು ನಿಮಿಷ ಸುಮ್ನೆ ನಿಂತು ನೋಡಿದರೆ ಸಾಕು. ಹಸುವಿನ ಹಿಂದೆ ನಿಲ್ಲಿಸಬೇಡಿ, ಒದ್ದೀತು. ಮರಿ ಇರುವ ಕೋಳಿಯ ಹತ್ತಿರ ಬಿಡಲೇಬೇಡಿ, ಹಾರಿ ಬಂದು ಕುಕ್ಕುತ್ತದೆ. ಮನೆಗೆ ಬಂದ ಮೇಲೆ ಸೋಪು ಹಾಕಿ ಕೈ ತೊಳೆಸಿ. ಅಷ್ಟೇ.

ನೋಡುವಾಗ ಒಂದೊಂದು ಗುಟ್ಟು ಹೇಳಿಕೊಡಿ. ಹಸುವಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಗಟ್ಟಿ ಒಸಡು ಮಾತ್ರ. ಹುಲ್ಲನ್ನು ನಾಲಿಗೆಯಿಂದ ಸುತ್ತಿ ಎಳೆದುಕೊಳ್ಳುತ್ತದೆ. ಮೇಕೆಯ ಕಣ್ಣಿನೊಳಗಿನ ಕಪ್ಪು ನಮ್ಮ ಹಾಗೆ ದುಂಡಗಿಲ್ಲ, ಅಡ್ಡಗೆರೆ ಎಳೆದ ಹಾಗಿದೆ. ಕೋಳಿ ಕಣ್ಣು ಮುಚ್ಚುವಾಗ ಕೆಳಗಿನ ರೆಪ್ಪೆ ಮೇಲಕ್ಕೆ ಬರುತ್ತದೆ. ಇದನ್ನೆಲ್ಲ ಒಮ್ಮೆ ಕಂಡ ಮಗು ಪುಸ್ತಕ ಬಿಡಿಸಿದಾಗ ಚಿತ್ರ ಬರೆದವರನ್ನೇ ಹಿಡಿದುಹಾಕುತ್ತದೆ. ನಮ್ಮನೆಯ ಒಂದು ಪುಸ್ತಕದಲ್ಲಿ ಹಸು ಹಲ್ಲು ಕಿರಿದು ನಗುತ್ತದೆ, ಮೇಲೆ ಕೆಳಗೆ ಎರಡೂ ಸಾಲು ಹಲ್ಲು ಮುತ್ತಿನ ಹಾಗೆ. ಮೊಮ್ಮಗಳು ಅದನ್ನು ನೋಡಿ "ಅಜ್ಜೀ, ಹಸು ಹಲ್ಲುಸೆಟ್ಟು ಹಾಕ್ಕೊಂಡಿದೆ, ನಿನ್ನ ಹಾಗೆ!" ಅಂದಳು. ಪುಸ್ತಕದಲ್ಲಿ ಬರೆದ ಯಾವ ತಮಾಷೆಯೂ ಅದಕ್ಕೆ ಸಮ ಬರಲಿಲ್ಲ.

ವಯಸ್ಸಿಗೆ ತಕ್ಕ ಹಾಗೆ ನಗು ಬೇರೆ ಬೇರೆ. ನನ್ನ ಎರಡನೇ ಮೊಮ್ಮಗನಿಗೆ ಒಂದೂವರೆ ವರ್ಷ. ಅವನಿಗೆ ಕತೆ ಬೇಡ, ಸದ್ದು ಬೇಕು. ಹುಂಜದ ಪುಟ ಬಂದರೆ ಕೊಕ್ಕೊರೊಕೋ ಅಂತ ಕೂಗಿ, ಮುಗಿಯುವಾಗ ಅವನ ಹೊಟ್ಟೆಗೆ ಮೂಗು ತಾಗಿಸಬೇಕು. ಇಪ್ಪತ್ತು ಸಲ ಮಾಡಿದರೂ ಇಪ್ಪತ್ತೊಂದನೆಯದಕ್ಕೂ ಅಷ್ಟೇ ನಗುತ್ತಾನೆ. ಬೇಸರ ಬರೋದು ನಮಗೆ, ಅವನಿಗಲ್ಲ. ಈ ವಯಸ್ಸಿಗೆ ದಪ್ಪ ರಟ್ಟಿನ ಪುಸ್ತಕವೇ ಸರಿ, ಮೂಲೆ ದುಂಡಗಿರಲಿ. ಅವರು ಓದೋದಕ್ಕಿಂತ ಜಾಸ್ತಿ ಕಚ್ಚುತ್ತಾರೆ. ಕಚ್ಚಲಿ ಬಿಡಿ.

ಮೂರು ದಾಟಿದ ಮೇಲೆ ತಪ್ಪು ಹೇಳುವ ಆಟ ಶುರು ಮಾಡಿ. ಮೊದಲ ಎರಡು ದಿನ ಇದ್ದದ್ದು ಇದ್ದ ಹಾಗೇ ಓದಿ. ಮೂರನೇ ದಿನ ಮುಖ ಗಂಭೀರ ಮಾಡಿಕೊಂಡು "ಹಸು ಬಂತು, ಬೌ ಬೌ ಅಂತು" ಅನ್ನಿ. ನೀವು ನಗಬಾರದು, ಅದೇ ಮುಖ್ಯ. ಮಗು ಒಂದು ಕ್ಷಣ ನಿಮ್ಮ ಮುಖ ನೋಡುತ್ತದೆ. ಅಜ್ಜಿಗೆ ಗೊತ್ತಿಲ್ವಾ, ಬೇಕಂತ ಹೇಳ್ತಿದಾಳಾ ಅಂತ ಯೋಚಿಸುತ್ತದೆ. ಆಗ ಅವಸರ ಮಾಡದೆ ಕಾಯಿರಿ. "ಅಲ್ಲಾ! ಅಂಬಾ!" ಅಂತ ಕಿರುಚುತ್ತದಲ್ಲ, ಆಗ "ಹೌದಾ? ನಂಗೆ ಯಾರೂ ಹೇಳಲೇ ಇಲ್ವಲ್ಲ" ಅನ್ನಿ. ಮುಂದಿನ ಪುಟದಲ್ಲಿ ಮತ್ತೆ ತಪ್ಪಿ. ಹತ್ತು ನಿಮಿಷದಲ್ಲಿ ಪುಸ್ತಕ ಅದರ ಕೈಗೆ ಹೋಗಿ, ನೀವು ಶಿಷ್ಯರಾಗಿರುತ್ತೀರಿ. ಮಾತು ಕಡಿಮೆ ಆಡುವ ಮಗುವೂ ದೊಡ್ಡವರ ತಪ್ಪು ತಿದ್ದುವುದಕ್ಕೆ ಬಾಯಿ ಬಿಡುತ್ತದೆ. ನನ್ನ ಮಗನನ್ನು ಮಾತಿಗೆ ಎಳೆದದ್ದೂ ಹೀಗೇ. ಈಗ ಅವನು ಬಾಯಿ ಮುಚ್ಚೋದಿಲ್ಲ, ಅದು ಬೇರೆ ವಿಷಯ.

ಒಂದನ್ನು ಮಾತ್ರ ಮಾಡಬೇಡಿ: ಪರೀಕ್ಷೆ. "ಇದೇನು ಹೇಳು? ಇದರ ಬಣ್ಣ ಏನು? ಎಷ್ಟು ಕಾಲು?" ಅಂತ ಪುಟಕ್ಕೆ ಐದು ಪ್ರಶ್ನೆ ಕೇಳಿದರೆ ಮಗು ಎದ್ದು ಹೋಗುತ್ತದೆ. ನಾನಾದರೂ ಎದ್ದು ಹೋಗುತ್ತೇನೆ. ನೆಂಟರ ಮುಂದೆ ನಿಲ್ಲಿಸಿ 'ಕೌ ತೋರ್ಸು, ಡಾಂಕಿ ತೋರ್ಸು' ಅನ್ನೋದಂತೂ ಬೇಡವೇ ಬೇಡ.

ಇಂಗ್ಲಿಷ್ ಪುಸ್ತಕವಾದರೂ ಸದ್ದು ನಮ್ಮದೇ ಇರಲಿ. ಅದರಲ್ಲಿ ಹಸು 'ಮೂ' ಅಂತ ಬರೆದಿರುತ್ತಾರೆ. ನಮ್ಮ ಹಸು ಯಾವತ್ತು ಮೂ ಅಂದಿದೆ? ಹುಂಜ ಕೊಕ್ಕೊರೊಕೋ, ಮೇಕೆ ಮ್ಯಾ ಮ್ಯಾ, ಹಂದಿ ಗುರ್ ಗುರ್. ಕುದುರೆ ಕೆನೆಯುತ್ತದೆ, ಕತ್ತೆ ಅರಚುತ್ತದೆ, ನಾಯಿ ಬೊಗಳುತ್ತದೆ. ಈ ಒಂದೊಂದು ಮಾತೂ ಹೀಗೆ ಆಟದಲ್ಲೇ ನಾಲಿಗೆಗೆ ಬರಬೇಕು. ಹೊರದೇಶದಲ್ಲಿರುವ ನನ್ನ ತಂಗಿಯ ಮೊಮ್ಮಕ್ಕಳಿಗೆ ಕನ್ನಡದಲ್ಲಿ ಗೊತ್ತಿರುವುದೇ ಇಷ್ಟು: ಅಜ್ಜಿ, ದೋಸೆ, ಮತ್ತೆ ಕೊಟ್ಟಿಗೆಯ ಅಷ್ಟೂ ಪ್ರಾಣಿಗಳ ಸದ್ದು. ವಿಡಿಯೋ ಕಾಲಿನಲ್ಲಿ ಎರಡೂ ಕಡೆ ಹುಂಜ ಕೂಗುತ್ತದೆ. ಚಿತ್ರದ ಕಪ್ಪು ಬಿಳುಪು ಹಸುವನ್ನು ನೋಡಿ ಇದು ಸೀಮೆಹಸು, ನಮ್ಮ ಡೈರಿಗೆ ಹಾಲು ಬರೋದು ಜಾಸ್ತಿ ಇಂಥದ್ದರಿಂದಲೇ ಅನ್ನಿ. ನಮ್ಮ ಮಲೆನಾಡು ಗಿಡ್ಡ ಇದಕ್ಕಿಂತ ಎಷ್ಟು ಕುಳ್ಳಗೆ ಅಂತ ಕೈ ಹಿಡಿದು ತೋರಿಸಿ.

ಗುಂಡಿ ಒತ್ತಿದರೆ ಪ್ರಾಣಿ ಕೂಗುವ ಪುಸ್ತಕ ಬರುತ್ತದಲ್ಲ, ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಉಡುಗೊರೆಯಾಗಿ ಒಂದು ಬಂದಿತ್ತು. ಎರಡನೇ ದಿನ ನೋಡಿದರೆ ಹಿಂದಿನ ಮುಚ್ಚಳದ ಸ್ಕ್ರೂ ಸಡಿಲ, ಒಳಗಿನ ಗುಂಡಿ ಸೆಲ್ಲು ಮಂಚದ ಕೆಳಗೆ. ಚಿಕ್ಕವನು ಅಲ್ಲೇ ಅಂಬೆಗಾಲಿಡುತ್ತಿದ್ದ. ನನ್ನ ಕೈಕಾಲು ತಣ್ಣಗಾಯಿತು. ಆ ಸೆಲ್ಲು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ಹೊರಗೆ ಏನೂ ಕಾಣಿಸದೇ ಇರಬಹುದು. ನುಂಗಿದ ಅನುಮಾನ ಬಂದರೂ ಸಾಕು, ಮನೆಮದ್ದು, ವಾಂತಿ ಮಾಡಿಸೋದು ಯಾವುದೂ ಬೇಡ, ನೇರ ಆಸ್ಪತ್ರೆಗೆ ಓಡಬೇಕು. ಅಂಥ ಪುಸ್ತಕ ಮನೆಯಲ್ಲಿದ್ದರೆ ಇವತ್ತೇ ತಿರುಗಿಸಿ ಸ್ಕ್ರೂ ನೋಡಿ. ನಮ್ಮನೆಯದರ ಸೆಲ್ಲು ತೆಗೆದುಬಿಟ್ಟೆ. ಈಗ ಗುಂಡಿ ಒತ್ತಿದರೆ ಕೂಗುವುದು ನಾನು.

ತೆಳು ಪುಸ್ತಕಗಳಿಗೆ ಬೆನ್ನಿನಲ್ಲಿ ಎರಡು ಪಿನ್ನು ಹೊಡೆದಿರುತ್ತಾರೆ. ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಗದ ತಿನ್ನುತ್ತದೆ, ಮಗುವಿನ ಬೆರಳಿಗೂ ಚುಚ್ಚುತ್ತದೆ. ಪುಸ್ತಕ ತಂದ ದಿನವೇ ಪಿನ್ನು ಬಿಡಿಸಿ ದಾರ ಹಾಕಿಬಿಡಿ. ನಡುಪುಟ ಬಿಡಿಸಿ, ಮಡಿಕೆಯ ಮೇಲೆ ದಪ್ಪ ಸೂಜಿಯಿಂದ ಮೂರು ತೂತು ಮಾಡಿ: ನಡುವೆ ಒಂದು, ಮೇಲೆ ಒಂದು, ಕೆಳಗೆ ಒಂದು. ಗಟ್ಟಿ ನೂಲನ್ನು ಒಳಗಿನಿಂದ ನಡುತೂತಿನ ಮೂಲಕ ಹೊರಗೆ ತೆಗೆಯಿರಿ, ಬಾಲ ನಾಲ್ಕು ಬೆರಳು ಒಳಗೇ ಇರಲಿ. ಹೊರಗಿನಿಂದ ಮೇಲಿನ ತೂತಿಗೆ ಹಾಕಿ ಒಳಗೆ ಬನ್ನಿ. ಅಲ್ಲಿಂದ ಒಳಗಡೆಯೇ ಉದ್ದಕ್ಕೆ ಇಳಿದು ಕೆಳಗಿನ ತೂತಿನಿಂದ ಹೊರಗೆ, ಮತ್ತೆ ನಡುತೂತಿನಿಂದ ಒಳಗೆ. ಉದ್ದ ದಾರದ ಆಚೆ ಈಚೆ ಎರಡು ಬಾಲ ಇರುವ ಹಾಗೆ ನೋಡಿಕೊಂಡು ಗಂಟು ಹಾಕಿ. ಮಕ್ಕಳು ಎಳೆದಾಡಿದರೂ ಸುಲಭಕ್ಕೆ ಬಿಚ್ಚೋದಿಲ್ಲ. ಹರಿದ ಪುಟಕ್ಕೆ ಟೇಪು ಬೇಡ, ಹಳದಿ ಆಗಿ ಕಿತ್ತುಬರುತ್ತದೆ. ಎರಡು ಚಮಚ ಮೈದಾವನ್ನು ಒಂದು ಲೋಟ ನೀರಿನಲ್ಲಿ ಕಲಸಿ ಸಣ್ಣ ಉರಿಯಲ್ಲಿ ಕಾಯಿಸಿದ ಅಂಟು, ಮೇಲೊಂದು ತೆಳು ಕಾಗದದ ಪಟ್ಟಿ ಸಾಕು. ಹುಳ ಬಾರದಿರಲಿ ಅಂತ ನಮ್ಮಪ್ಪ ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳ ಪುಸ್ತಕಕ್ಕೆ ಬೇಡ. ನುಸಿಗುಳಿಗೆಯೂ ಬೇಡ, ಪೆಪ್ಪರ್‌ಮಿಂಟು ಅಂತ ಬಾಯಿಗೆ ಹಾಕಿಕೊಂಡಾವು. ಒಣಗಿದ ಬೇವಿನೆಲೆ ಇಟ್ಟು, ಬಿಸಿಲಿದ್ದ ದಿನ ನೆರಳಲ್ಲಿ ಗಾಳಿಗೆ ಹರಡಿ.

ದುಡ್ಡು ಕೊಟ್ಟು ರಾಶಿ ಪುಸ್ತಕ ತರಬೇಕಾಗಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಅನ್ನೋ ಜಾಲತಾಣ ಶುರು ಮಾಡಿದ್ದಾರೆ. ಅಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು. ಫೋನಿನಲ್ಲೇ ತೋರಿಸುವುದಕ್ಕಿಂತ ಕಾಗದದ ಮೇಲೆ ತೋರಿಸಿ. ಫೋನಿನಲ್ಲಿ ಹಸು ನೋಡುತ್ತಾ ನೋಡುತ್ತಾ ಮಗುವಿನ ಬೆರಳು ಬೇರೆಲ್ಲಿಗೋ ಜಾರುತ್ತದೆ. ನಮ್ಮದೂ ಜಾರುತ್ತದೆ, ಅಲ್ವಾ?

ಮಲಗುವ ಹೊತ್ತಿಗೆ ಮಾತ್ರ ಈ ಪುಸ್ತಕ ಕೈಗೆ ಸಿಗದ ಹಾಗೆ ಎತ್ತಿಡಿ. ರಾತ್ರಿ ಒಂಬತ್ತಕ್ಕೆ ಹುಂಜ ಕೂಗಿಸಿದರೆ ಹನ್ನೊಂದಾದರೂ ಮನೆ ಮಲಗೋದಿಲ್ಲ. ಕೆಳಗಿನ ಮನೆಯವರೂ ಮಲಗೋದಿಲ್ಲ.

ಇನ್ನೊಂದು ಮಾತು. ಪರದೇಶದ ಚಿತ್ರಗಳ ಕೊಟ್ಟಿಗೆಯಲ್ಲಿ ಬಾತುಕೋಳಿ ಇರುತ್ತದೆ, ಹಂದಿ ಇರುತ್ತದೆ, ಎಮ್ಮೆ ಮಾತ್ರ ಕಾಣೋದಿಲ್ಲ. ಮೊಮ್ಮಗಳು ಊರಿಗೆ ಹೋಗಿ ಬಂದ ಮೇಲೆ ಇದನ್ನು ಕಂಡುಹಿಡಿದಳು. ನಾವಿಬ್ಬರೂ ಸೇರಿ ಒಂದು ಎಮ್ಮೆ ಬರೆದು, ಕತ್ತರಿಸಿ, ಕೊನೆಯ ಪುಟದಲ್ಲಿ ಅಂಟಿಸಿದೆವು. ಕೊಂಬು ಜಾಸ್ತಿ ಉದ್ದ ಆಗಿ ಪುಟದಾಚೆಗೆ ಬಂದಿದೆ. ಅಂಟು ಒಣಗುವ ಮೊದಲೇ ಕೇಳಿದಳು, "ಎಮ್ಮೆ ಏನಂತ ಕೂಗತ್ತೆ ಅಜ್ಜಿ?" ಅರವತ್ತೆಂಟು ವರ್ಷದ ನನಗೆ ಬಾಯಿ ಕಟ್ಟಿಹೋಯಿತು. ಓಂಯ್ ಅಂದೆ, ಅವಳು ಒಪ್ಪಲಿಲ್ಲ. ಊರಲ್ಲಿರುವ ತಮ್ಮನಿಗೆ ಫೋನು ಮಾಡಿದೆ. ಪಾಪ, ಅವನು ಕೊಟ್ಟಿಗೆಗೆ ಹೋಗಿ ಎಮ್ಮೆಯ ಮುಂದೆ ಫೋನು ಹಿಡಿದು ಐದು ನಿಮಿಷ ನಿಂತ. ಬೆನ್ನು ತಟ್ಟಿದ, ಬೈದ, ಬೇಡಿಕೊಂಡ. ಅದು ತುಟಿಪಿಟಿಕ್ಕೆನ್ನಲಿಲ್ಲ. ಈ ಕಡೆ ಕೇಳಿಸಿದ್ದು ಮೆಲುಕು ಹಾಕುವ ಸದ್ದು ಮಾತ್ರ. ಈಗ ನಮ್ಮನೆಯಲ್ಲಿ ಎಮ್ಮೆಯ ಪುಟ ಬಂದರೆ ಇಬ್ಬರೂ ಮಾತಾಡದೆ ಬಾಯಿ ಅಡ್ಡಡ್ಡ ಆಡಿಸುತ್ತಾ ಕೂರುತ್ತೇವೆ. ಮೊದಲು ಯಾರು ನಗುತ್ತಾರೋ ಅವರು ಸೋತರು. ಇಲ್ಲಿವರೆಗೆ ನಾನೇ ಸೋಲುತ್ತಿದ್ದೇನೆ.