ಇಸವಿ ಇರುವ ನಾಣ್ಯ, ಇಸವಿ ಇಲ್ಲದ ನಾಣ್ಯ

ನಾನು ಗುರುತಿಸಲು ಕೂತ ಮೊದಲ ಹಳೆಯ ನಾಣ್ಯ ಒಂದು ದಪ್ಪ ತಾಮ್ರದ ಬಿಲ್ಲೆ. ಒಂದು ಕಡೆ ಬಳ್ಳಿ ಸುತ್ತಿಕೊಂಡಂತೆ ಅಕ್ಷರಗಳ ಗಂಟು. ಇನ್ನೊಂದು ಕಡೆ ಅರಬ್ಬಿ ಲಿಪಿ, ಅದರ ಜೊತೆ ನಾಲ್ಕು ಅಂಕಿ. ಅರಬ್ಬಿ ಅಂಕಿಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಮೊದಲೆರಡು ಎಂಟು, ಎಂಟು ಅಂತ ಬಂತು. ಕೊನೆಯದು ಒಂದು. ಮೂರನೆಯದು ಮಾತ್ರ ಪಟ್ಟಿಯಲ್ಲಿ ಯಾವುದಕ್ಕೂ ಹೊಂದಲಿಲ್ಲ. ಒಂದು ಸಂಜೆಯಿಡೀ ಹೀಗೇ ಹೋಯಿತು. ನಾಣ್ಯ ಹಿಡಿದಿದ್ದೇ ತಲೆಕೆಳಗಾಗಿ ಅಂತ ಹೊಳೆದದ್ದು ಆಮೇಲೆ. ಅರಬ್ಬಿಯ ಏಳು ಬಾಯಿ ತೆರೆದ ಕವಲಿನ ಹಾಗೆ ಇರುತ್ತದೆ. ಅದನ್ನೇ ತಿರುಗಿಸಿದರೆ ಎಂಟು. ಸರಿಯಾಗಿ ಹಿಡಿದಾಗ 1277 ಎಂದು ಸಲೀಸಾಗಿ ಓದಲು ಬಂತು.

ಕನ್ನಡ ಓದುವವರಿಗೆ ಇಲ್ಲಿ ಇನ್ನೊಂದು ಎಡವಟ್ಟಿದೆ. ಅರಬ್ಬಿಯ ಐದು ನೋಡಲು ನಮ್ಮ ಸೊನ್ನೆಯ ಹಾಗೇ ಇರುತ್ತದೆ. ಅವರ ಸೊನ್ನೆ ಬರೀ ಒಂದು ಚುಕ್ಕೆ. ಸವೆದ ನಾಣ್ಯದಲ್ಲಿ ಅದು ಕಾಣದೇ ಹೋಗಬಹುದು.

1277 ಹಿಜರಿ ಇಸವಿ, ಅಂದರೆ ಕ್ರಿ.ಶ. 622ರಿಂದ ಎಣಿಸುವ ಇಸ್ಲಾಂ ಪಂಚಾಂಗದ್ದು. ಹಿಜರಿ ವರ್ಷ ಚಾಂದ್ರಮಾನದ್ದು, ಸುಮಾರು 354 ದಿನ. ಹಾಗಾಗಿ ಸುಮ್ನೆ 622 ಕೂಡಿಸಿದರೆ ಆಗುವುದಿಲ್ಲ. ಹಿಜರಿಯನ್ನು 0.97ರಿಂದ ಗುಣಿಸಿ, ಆಮೇಲೆ 622 ಕೂಡಿಸಬೇಕು. 1861ರ ಆಸುಪಾಸು ಅಂತ ಬಂತು. ಲಕೋಟೆಯ ಮೇಲೆ ಬರೆದೂ ಇಟ್ಟೆ. ಅದೂ ತಪ್ಪಾಗಿತ್ತು.

ಆ ಅಕ್ಷರಗಳ ಗಂಟಿನ ಹೆಸರು ತುಘ್ರಾ, ಟರ್ಕಿಯ ಒಟ್ಟೋಮನ್ ಸುಲ್ತಾನರ ಅಂಕಿತ. ಆ ಕಾಲದ ಒಟ್ಟೋಮನ್ ನಾಣ್ಯಗಳಲ್ಲಿ ದೊಡ್ಡ ಅಂಕಿ ತೋರಿಸುವುದು ನಾಣ್ಯ ಹೊಡೆದ ವರ್ಷವನ್ನಲ್ಲ, ಸುಲ್ತಾನ ಪಟ್ಟಕ್ಕೆ ಬಂದ ವರ್ಷವನ್ನು. 1277ರಲ್ಲಿ ಪಟ್ಟಕ್ಕೆ ಬಂದವನು ಅಬ್ದುಲ್ ಅಜೀಜ್. ನಾನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಟ್ಟಿದ್ದ ಒಂಟಿ '4' ಅವನ ಆಳ್ವಿಕೆಯ ನಾಲ್ಕನೇ ವರ್ಷ. 1277 ಮೊದಲನೆಯ ವರ್ಷ ಅಂತ ಎಣಿಸಿದರೆ ನಾಲ್ಕನೆಯದು 1280. ಅಂದರೆ 1863-64.

ಇಸವಿಯ ಮೇಲಿನ ನನ್ನ ನಂಬಿಕೆ ಪೂರ್ತಿ ಹೋದದ್ದು ಮರಿಯಾ ತೆರೇಸಾ ಥೇಲರ್‌ನಿಂದ. ದೊಡ್ಡ ಬೆಳ್ಳಿ ನಾಣ್ಯ, ಮುಸುಕು ಹೊದ್ದ ಆಸ್ಟ್ರಿಯಾದ ರಾಣಿ, ಹಿಂಬದಿಯಲ್ಲಿ ಸ್ಪಷ್ಟವಾಗಿ 1780. ಆಕೆ ತೀರಿಕೊಂಡ ವರ್ಷವೂ ಅದೇ. ಆದರೆ ಕೆಂಪು ಸಮುದ್ರದ ಸುತ್ತಲಿನ ವ್ಯಾಪಾರಿಗಳು ಈ ನಾಣ್ಯವನ್ನು ಎಷ್ಟು ನಂಬಿದ್ದರೆಂದರೆ, ಅದೇ ಮುಖ, ಅದೇ ಇಸವಿ ಹಾಕಿ ಟಂಕಸಾಲೆಗಳು ಮುಂದೆಯೂ ಹೊಡೆಯುತ್ತಲೇ ಹೋದವು. ವಿಯೆನ್ನಾದಲ್ಲಿ ಮಾತ್ರ ಅಲ್ಲ, 20ನೇ ಶತಮಾನದಲ್ಲಿ ರೋಮ್, ಲಂಡನ್, ಪ್ಯಾರಿಸ್, ಬಾಂಬೆ ಟಂಕಸಾಲೆಗಳಲ್ಲೂ. ನನ್ನ ಬಳಿ ಇರುವುದು 1780ರದ್ದೋ 1940ರದ್ದೋ ಎಂದು ಅದರ ಮೇಲಿರುವ ಇಸವಿ ಹೇಳುವುದೇ ಇಲ್ಲ. ಭುಜದ ಪಿನ್ನಿನ ಮಣಿಗಳು, ಹದ್ದಿನ ಬಾಲದ ಗರಿಗಳು, ಇಂಥ ಸಣ್ಣ ವ್ಯತ್ಯಾಸಗಳನ್ನೇ ನೋಡಬೇಕು.

ಅಲ್ಲಿಂದ ಮುಂದೆ ನಾನು ಯಾವ ನಾಣ್ಯ ಕೈಗೆ ಬಂದರೂ ಮೊದಲು ಓದುವುದಿಲ್ಲ. ತೂಗುತ್ತೇನೆ. 0.01 ಗ್ರಾಂವರೆಗೆ ತೋರಿಸುವ ಚಿಕ್ಕ ತಕ್ಕಡಿ, ವ್ಯಾಸ ಅಳೆಯಲು ಕ್ಯಾಲಿಪರ್, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಇಷ್ಟೇ ಸಾಕು. ಆಮೇಲೆ ಅಂಚು ನೋಡುತ್ತೇನೆ. ಬರೀ ಎರಡು ಮುಖಗಳ ಫೋಟೊ ತೆಗೆದು ಹುಡುಕುವವರು ಈ ಮೂರನೇ ಮುಖವನ್ನು ಮರೆಯುತ್ತಾರೆ. ಥೇಲರ್‌ನ ಅಂಚಿನಲ್ಲಿ 'ನ್ಯಾಯ ಮತ್ತು ಕರುಣೆ' ಎಂಬ ಅರ್ಥದ ಲ್ಯಾಟಿನ್ ಮಾತು ಇದೆ. ಎಷ್ಟೋ ದಿನ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ತೂಕದಿಂದ ಸಿಕ್ಕಿಬಿದ್ದ ಒಂದು ಕಳ್ಳ ನಾಣ್ಯದ ಕಥೆ ಹೇಳಲೇಬೇಕು. ಮೂರನೇ ಕಾರ್ಲೋಸ್ ಮುಖವಿರುವ ಸ್ಪೇನಿನ ಎಂಟು ರಿಯಾಲ್. 'ಎಂ' ಮೇಲೆ ಪುಟ್ಟ 'ಒ', ಅಂದರೆ ಮೆಕ್ಸಿಕೋ ಟಂಕಸಾಲೆ. ನೋಡಲು ಎಲ್ಲವೂ ಸರಿ. ಆಯಸ್ಕಾಂತಕ್ಕೂ ಅಂಟಲಿಲ್ಲ. ಆದರೆ ಅದರಿಂದ ಬೆಳ್ಳಿ ಅಂತ ಆಗುವುದಿಲ್ಲ, ತಾಮ್ರ ಹಿತ್ತಾಳೆಗಳೂ ಅಂಟುವುದಿಲ್ಲ ಅಲ್ವಾ? ತೂಕ ಸುಮಾರು 27 ಗ್ರಾಂ ಇರಬೇಕಿತ್ತು. 22.1 ಬಂತು. ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು, ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ಪೂರ್ತಿ ಮುಳುಗಿಸಿದೆ. ತಕ್ಕಡಿ 2.6 ತೋರಿಸಿತು, ಅಂದರೆ ನಾಣ್ಯದಷ್ಟೇ ಗಾತ್ರದ ನೀರಿನ ತೂಕ. 22.1ನ್ನು 2.6ರಿಂದ ಭಾಗಿಸಿದರೆ ಸಾಂದ್ರತೆ 8.5. ಅಪ್ಪಟ ಬೆಳ್ಳಿಯ ಸಾಂದ್ರತೆ 10.49, ಈ ನಾಣ್ಯಗಳ ಬೆಳ್ಳಿಗೆ ಸ್ವಲ್ಪ ಕಡಿಮೆ. 8.5 ಹಿತ್ತಾಳೆಯ ಹತ್ತಿರದ ಲೆಕ್ಕ. ಅಂಚು ತಿರುಗಿಸಿ ನೋಡಿದರೆ ಅಚ್ಚಿನ ಎರಡು ಭಾಗ ಸೇರಿದ ಸಣ್ಣ ಗೆರೆ ಸುತ್ತಲೂ ಕಾಣುತ್ತಿತ್ತು.

ಚೌಕ ತೂತಿನ ಚೀನೀ ನಾಣ್ಯಗಳಿಗೆ ನನಗೆ ಸಿಕ್ಕ ಉಪಾಯ ಬೇರೆ. ಕ್ವಿಂಗ್ ರಾಜವಂಶದ ಕಾಲದ ಬಹುಪಾಲು ನಾಣ್ಯಗಳಲ್ಲಿ ನಾಲ್ಕು ಅಕ್ಷರಗಳ ಪೈಕಿ ಎರಡು ಒಂದೇ: 'ತೊಂಗ್ ಬಾವ್', ಅಂದರೆ ಚಲಾವಣೆಯ ನಿಧಿ. ಅದರಲ್ಲಿ 'ಬಾವ್' ತುಂಬಾ ಗೆರೆಗಳಿರುವ ಗಿಜಿಗಿಜಿ ಅಕ್ಷರ. ಅದು ಎಡಕ್ಕೆ ಬರುವ ಹಾಗೆ ಹಿಡಿದರೆ ನಾಣ್ಯ ನೆಟ್ಟಗಿದೆ ಎಂದರ್ಥ. ಆಗ ಮೇಲಿನ ಮತ್ತು ಕೆಳಗಿನ ಅಕ್ಷರ ಸೇರಿ ಆಳ್ವಿಕೆಯ ಹೆಸರು ಸಿಗುತ್ತದೆ: ಕಾಂಗ್ಶಿ, ಚಿಯೆನ್‌ಲಾಂಗ್ ಹೀಗೆ. ಜಪಾನಿನ ಕಾನ್‌ಏ ನಾಣ್ಯಗಳಲ್ಲೂ ಇದೇ ಜೋಡಿ ಇದೆ. ಹಾಗಾಗಿ 'ತೊಂಗ್ ಬಾವ್' ನೋಡಿ ಚೀನಾ ಅಂತ ತೀರ್ಮಾನಿಸಬೇಡಿ.

ತೊಳೆಯುವ ವಿಷಯದಲ್ಲಿ ಒಂದೇ ಮಾತು: ಬೇಡ. ಒಂದು ತಾಮ್ರದ ನಾಣ್ಯವನ್ನು ನಾನು ಉಜ್ಜಿ ಹೊಳಪು ತಂದೆ. ಅದರ ಜೊತೆ ಅಕ್ಷರಗಳ ಮೊನೆಯೂ ಹೋಯಿತು. ಇವತ್ತಿಗೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನನಗೆ ತುಂಬಾ ಪ್ರೀತಿಯ ನಾಣ್ಯ ಒಂದು ಬೆರಳುಗುರಿನಷ್ಟು ರೋಮನ್ ಕಂಚು. ಇಸವಿ ಅನ್ನುವುದೇ ಇಲ್ಲ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಮೇಜಿನ ಮಟ್ಟಕ್ಕೆ ಹಿಡಿದೆ. ಸವೆದ ಅಕ್ಷರಗಳ ನೆರಳು ಎದ್ದುಬಂತು. ಹಿಂಬದಿಯಲ್ಲಿ ಇಬ್ಬರು ಸೈನಿಕರು, 'ಗ್ಲೋರಿಯಾ ಎಕ್ಸೆರ್ಸಿಟಸ್', ಸೈನ್ಯದ ಕೀರ್ತಿ. ಇಬ್ಬರ ನಡುವೆ ಎರಡು ಧ್ವಜಗಳಿದ್ದರೆ 330ರಿಂದ 335ರ ನಾಣ್ಯ. ಒಂದೇ ಇದ್ದರೆ 335ರ ನಂತರದ್ದು. ನನ್ನದರಲ್ಲಿ ಒಂದೇ ಇದೆ. ಮುಂಬದಿಯ ಹೆಸರು ಕಾನ್‌ಸ್ಟಾಂಟಿಯಸ್. ಅವನ ತಂದೆ ಕಾನ್‌ಸ್ಟಾಂಟಿನಸ್, ಅಣ್ಣನೂ ಕಾನ್‌ಸ್ಟಾಂಟಿನಸ್, ತಮ್ಮ ಕಾನ್‌ಸ್ಟಾನ್ಸ್. ಹಾಗಾಗಿ ಒಂದೊಂದು ಅಕ್ಷರವನ್ನೂ ಮೂರು ಮೂರು ಸಲ ನೋಡಿದೆ. ಹೆಸರಿನ ಕೊನೆಗೆ 'ನೊಬ್ ಸಿ', ಅಂದರೆ ಇನ್ನೂ ಸೀಸರ್ (ಕಿರಿಯ ಆಳುವವ), ಅಗಸ್ಟಸ್ (ಪೂರ್ಣ ಚಕ್ರವರ್ತಿ) ಆಗಿಲ್ಲ. ಅವನು ಅಗಸ್ಟಸ್ ಆದದ್ದು 337ರ ಸೆಪ್ಟೆಂಬರಿನಲ್ಲಿ.

ಇಸವಿ ಕೊರೆದ ಥೇಲರ್‌ನ ಲಕೋಟೆ ಮೇಲೆ 'ಕಾಲ: ಗೊತ್ತಾಗಿಲ್ಲ' ಅಂತಿದೆ. ಇಸವಿಯೇ ಇಲ್ಲದ ಈ ಕಂಚಿನ ಚೂರಿಗೆ 'ಕಾಲ: 335-337, ಖಚಿತ' ಅಂತ ಬರೆದಿದ್ದೇನೆ. ಕೆಳಗೆ ಪೆನ್ಸಿಲ್ಲಿನಲ್ಲಿ ಇನ್ನೊಂದು ಸಾಲು. ಸೈನಿಕರ ಕಾಲಡಿಯ ಟಂಕಸಾಲೆ ಗುರುತಿನಲ್ಲಿ 'ಎಸ್ ಎಂ ಎ' ವರೆಗೆ ಕಾಣುತ್ತದೆ, ಮುಂದಿನದು ಸವೆದಿದೆ: 'ಅಂತಿಯೋಕ್ ಅಥವಾ ಅಲೆಕ್ಸಾಂಡ್ರಿಯಾ. ಮತ್ತೆ ನೋಡಬೇಕು.'