ಊರಿನ ವಾಟ್ಸಾಪ್ ಗುಂಪು: ಮನಸ್ಸು ಮುರಿಯದೆ ನಡೆಸುವುದು ಹೇಗೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕ ಮತ್ತು ಪೆರ್ಲದ ನಡುವೆ ಇರುವ ನಮ್ಮ ಊರಿಗೆ ಒಂದು ವಾಟ್ಸಾಪ್ ಗುಂಪಿದೆ. ರಸ್ತೆಗೆ ಮರ ಬಿದ್ದರೆ, ಕರೆಂಟ್ ಹೋದರೆ, ಅಡಿಕೆಗೆ ಮದ್ದು ಬಿಡುವವರು ಬೇಕಾದರೆ ಎಲ್ಲರೂ ಅಲ್ಲಿಗೇ ಬರೆಯುತ್ತಾರೆ. ಕನ್ನಡ, ತುಳು, ಮಲಯಾಳ, ಮರಾಠಿ, ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳೆಲ್ಲ ಅದರಲ್ಲಿವೆ. ಅದರ ಅಡ್ಮಿನ್‌ಗಳಲ್ಲಿ ನಾನೂ ಒಬ್ಬ. ಹತ್ತಾರು ಜಗಳ ನೋಡಿದ ಮೇಲೆ ನನಗೆ ಅರ್ಥವಾದದ್ದು ಇಷ್ಟೇ: ನಾಲ್ಕು ಜನರ ಎದುರು ಯಾರ ಮಾನವೂ ಹೋಗದಂತೆ ನೋಡಿಕೊಳ್ಳುವುದೇ ಅಡ್ಮಿನ್‌ನ ದೊಡ್ಡ ಕೆಲಸ. ನಿಮ್ಮ ಊರಲ್ಲೂ ಗುಂಪು ಶುರು ಮಾಡುವ ಯೋಚನೆ ಇದ್ದರೆ ಹೀಗೆ ಮಾಡಿ ನೋಡಿ.

ಗುಂಪು ಯಾತಕ್ಕೆ ಅಂತ ಬರೆದಿಡಿ

ಗುಂಪಿನ ಹೆಸರಿನ ಕೆಳಗೆ ವಿವರಣೆ ಬರೆಯಲು ಜಾಗ ಇರುತ್ತದೆ. ಅಲ್ಲಿ ಎರಡು ಸಾಲು ಸಾಕು. ‘ನೀರು, ದಾರಿ, ಕರೆಂಟ್, ತೋಟ, ಊರಿನ ಒಳ್ಳೇದು ಕೆಟ್ಟದ್ದರ ಸುದ್ದಿಗೆ. ಪಕ್ಷದ ಪ್ರಚಾರ, ಜಾತಿ–ಧರ್ಮದ ವಾದ ಬೇಡ.’ ನಿಯಮ ಇಪ್ಪತ್ತಾದರೆ ಯಾರೂ ಓದುವುದಿಲ್ಲ. ಹೊಸ ನಿಯಮ ಬೇಕೆನಿಸಿದರೆ ಗುಂಪಿನಲ್ಲೇ ‘ಪೋಲ್’ ಹಾಕಿ ಕೇಳಿ. ತಾವೇ ಒಪ್ಪಿದ ಮಾತನ್ನು ಜನ ಮುರಿಯುವುದು ಕಡಿಮೆ.

ಕೇಳದೆ ಯಾರನ್ನೂ ಸೇರಿಸಬೇಡಿ

ಗುಂಪಿಗೆ ಬಂದವರ ಫೋನ್ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಂಗಸರಿಗೆ ಇದರ ಕಿರಿಕಿರಿ ಎಷ್ಟು ಅಂತ ನಮಗೆ ತಡವಾಗಿ ತಿಳಿಯಿತು. ಗುಂಪಿನಿಂದ ನಂಬರ್ ತೆಗೆದು ಅಕ್ಕನೊಬ್ಬರಿಗೆ ಯಾರೋ ರಾತ್ರಿ ಹೊತ್ತು ಮೆಸೇಜ್ ಮಾಡುತ್ತಿದ್ದರಂತೆ. ಆ ಅಕ್ಕ ಮೂರು ತಿಂಗಳು ಸುಮ್ಮನೆ ಸಹಿಸಿದ್ದರು. ಈಗ ನಮ್ಮಲ್ಲಿ ಇದು ಮೊದಲ ನಿಯಮ: ಕೇಳದೆ ಯಾರಿಗೂ ಖಾಸಗಿಯಾಗಿ ಬರೆಯಬಾರದು. ಬರೆದರೆ ಎರಡನೇ ಮಾತಿಲ್ಲ, ಗುಂಪಿನಿಂದ ಹೊರಗೆ. ಅಡ್ಮಿನ್‌ಗಳಲ್ಲಿ ಇಬ್ಬರಾದರೂ ಹೆಂಗಸರಿರಲಿ. ಇಂಥ ವಿಷಯ ಹೇಳಿಕೊಳ್ಳಲು ಒಂದು ಬಾಗಿಲು ಬೇಕಲ್ವಾ?

ಭಾಷೆಯ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು

ನಮ್ಮ ಗಡಿನಾಡಿನಲ್ಲಿ ಮನಸ್ಸು ನೋಯುವುದು ಹೆಚ್ಚಾಗಿ ಇಲ್ಲಿಯೇ. ಒಮ್ಮೆ ಶಾಲೆಯ ಕಾರ್ಯಕ್ರಮಕ್ಕೆ ಊಟಕ್ಕೆ ಬರುವವರ ಹೆಸರು ಬರೆದುಕೊಳ್ಳುವ ಕೆಲಸವನ್ನು ಹೊಸದಾಗಿ ಮನೆ ಕಟ್ಟಿ ಬಂದ ಮಲಯಾಳಿ ಹಿರಿಯರೊಬ್ಬರು ವಹಿಸಿಕೊಂಡಿದ್ದರು. ಸಂಜೆ ಅವರು ಗುಂಪಿನಲ್ಲಿ ‘ಮನೆಗೆ ತಲುಪಿದೆ’ ಅಂತ ಬರೆದರು. ಅದರ ಕೆಳಗೇ ನಮ್ಮ ಹುಡುಗನೊಬ್ಬ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಪದ ಹಾಕಿದ: ‘ಪಟ್ಟಿ?’ ಅವನು ಕೇಳಿದ್ದು ಹೆಸರಿನ ಪಟ್ಟಿ. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ಹತ್ತು ನಿಮಿಷದಲ್ಲಿ ಅವರು ಗುಂಪು ಬಿಟ್ಟರು. ಮರುದಿನ ಆ ಹುಡುಗನನ್ನೇ ಕರೆದುಕೊಂಡು ಅವರ ಮನೆಗೆ ಹೋದೆವು. ಹುಡುಗ ಚೀಲದಿಂದ ಅಂಗಡಿ ಸಾಮಾನಿನ ಚೀಟಿ ತೆಗೆದು, ಮೇಲೆ ಕನ್ನಡದಲ್ಲಿ ಬರೆದಿದ್ದ ‘ಪಟ್ಟಿ’ ಎಂಬ ಪದಕ್ಕೆ ಬೆರಳಿಟ್ಟು ಓದಿ ತೋರಿಸಿದ. ಅವರು ಸ್ವಲ್ಪ ಹೊತ್ತು ಚೀಟಿಯನ್ನೇ ನೋಡಿದರು. ಆಮೇಲೆ ಒಳಗೆ ತಿರುಗಿ ಚಹಾ ಇಡಲು ಹೇಳಿದರು.

ಅಂದಿನಿಂದ ನಾವು ಮಾಡುತ್ತಿರುವುದು ಇದು. ಯಾರು ಯಾವ ಭಾಷೆಯಲ್ಲಾದರೂ ಬರೆಯಲಿ, ಆದರೆ ಒಂಟಿ ಪದ ಬೇಡ, ಪೂರ್ತಿ ವಾಕ್ಯ ಬರೆಯಲಿ. ಆದಷ್ಟು ಆಯಾ ಲಿಪಿಯಲ್ಲೇ ಬರೆಯಲಿ. ಓದಲು ಬಾರದವರು ಧ್ವನಿ ಸಂದೇಶ ಕೇಳಲಿ. ಇಂಗ್ಲಿಷ್ ಮೀಡಿಯಂಗೆ ಹೋದ ನಮ್ಮ ಮಕ್ಕಳಲ್ಲಿ ಕೆಲವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹಳಬರಿಗೆ ಮಲಯಾಳ ಅಕ್ಷರ ಬರುವುದಿಲ್ಲ. ಹಾಗಾಗಿ ಪಂಚಾಯತಿನಿಂದ ಮಲಯಾಳದಲ್ಲಿ ಸೂಚನೆ ಬಂದರೆ ಒಬ್ಬರು ಅದನ್ನು ಕನ್ನಡದಲ್ಲಿ ಓದಿ ಹಾಕುತ್ತಾರೆ. ಕನ್ನಡದಲ್ಲಿ ಬಂದದ್ದನ್ನು ಇನ್ನೊಬ್ಬರು ಮಲಯಾಳದಲ್ಲಿ ಹೇಳುತ್ತಾರೆ. ಒಂದು ನಿಮಿಷದ ಕೆಲಸ. ‘ನಿಮ್ಮನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ’ ಅಂತ ಹೇಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ನವೆಂಬರ್ 1ನ್ನು ಮರೆಯಬೇಡಿ. 1956ರ ಆ ದಿನವೇ ಕಾಸರಗೋಡು ಕೇರಳಕ್ಕೆ ಸೇರಿತು. ಅದು ಕರ್ನಾಟಕ ರಾಜ್ಯೋತ್ಸವವೂ ಹೌದು, ಕೇರಳ ಪಿರವಿಯೂ (ಕೇರಳ ರಾಜ್ಯ ಹುಟ್ಟಿದ ದಿನ) ಹೌದು. ಕನ್ನಡಿಗರಾದ ನಮಗೆ ಆ ದಿನ ಎದೆಯಲ್ಲಿ ಒಂದು ನೋವು ಇದ್ದೇ ಇರುತ್ತದೆ, ಅದನ್ನು ಹೇಳಿಕೊಳ್ಳುವುದು ತಪ್ಪಲ್ಲ. ಪಕ್ಕದ ಮನೆಯವರ ಹಬ್ಬಕ್ಕೆ ಬೈದಾಗಲೇ ಅದು ಜಗಳ ಆಗುವುದು. ನಾವು ಅಡ್ಮಿನ್‌ಗಳು ಬೆಳಿಗ್ಗೆ ಆರಕ್ಕೇ ಎರಡೂ ಲಿಪಿಯಲ್ಲಿ, ಎರಡೂ ಶುಭಾಶಯವನ್ನು ಒಟ್ಟಿಗೆ ಹಾಕಿಬಿಡುತ್ತೇವೆ. ಮೊದಲ ಮಾತು ಹೇಗಿರುತ್ತದೋ ಇಡೀ ದಿನ ಹಾಗೇ ಹೋಗುತ್ತದೆ.

ಫಾರ್ವರ್ಡ್ ಬಂದರೆ

ಐದು ಅಥವಾ ಅದಕ್ಕಿಂತ ಜಾಸ್ತಿ ಕೈ ದಾಟಿ ಬಂದ ಸಂದೇಶಕ್ಕೆ ಎರಡು ಬಾಣದ ಗುರುತು ಇರುತ್ತದೆ. ಅಂಥದ್ದನ್ನು ಹಾಕುವ ಮೊದಲು ಅಡ್ಮಿನ್‌ಗೆ ತೋರಿಸಬೇಕು. ಇದರಲ್ಲಿ ಮುಲಾಜು ಬೇಡ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುಳ್ಳು ಸುದ್ದಿ ನಂಬಿ ಜನ ಒಬ್ಬ ಯುವಕನನ್ನು ಹೊಡೆದು ಕೊಂದರು. ಅವರೂ ನಮ್ಮ ನಿಮ್ಮಂಥ ಊರಿನವರೇ.

ಜಗಳ ಹತ್ತಿಕೊಂಡಾಗ

ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡುತ್ತೀರಿ ಅನ್ನುವುದು ಮುಖ್ಯ. ಗುಂಪಿನಲ್ಲಿ ಬುದ್ಧಿ ಹೇಳಲು ಹೋಗಬೇಡಿ. ‘ಅಣ್ಣಾ, ಹೀಗೆ ಬರೆಯಬಾರದಿತ್ತು’ ಅಂತ ಎಲ್ಲರೆದುರು ಹೇಳಿದರೆ ಆ ಅಣ್ಣನಿಗೆ ಹಿಂದೆ ಸರಿಯಲು ದಾರಿಯೇ ಇರುವುದಿಲ್ಲ. ಫೋನ್ ಮಾಡಿ. ಮೊದಲು ಅವರ ಮಾತು ಪೂರ್ತಿ ಕೇಳಿ. ಆಮೇಲೆ ಆ ಸಂದೇಶ ಅವರೇ ತೆಗೆಯುವಂತೆ ವಿನಂತಿಸಿ. ಹಾಕಿದ ಎರಡು ದಿನದವರೆಗೂ ‘ಎಲ್ಲರಿಗೂ ಅಳಿಸಿ’ ಎಂಬ ಸೌಲಭ್ಯ ಕೆಲಸ ಮಾಡುತ್ತದೆ. ಹದಿನೈದು ನಿಮಿಷದೊಳಗೆ ಆದರೆ ತಿದ್ದಲೂಬಹುದು. ಅಡ್ಮಿನ್ ಆದ ನೀವೂ ಅಳಿಸಬಹುದು, ಆದರೆ ಆಗ ಅಡ್ಮಿನ್ ಅಳಿಸಿದ್ದು ಅಂತ ಎಲ್ಲರಿಗೂ ಕಾಣುತ್ತದೆ. ಅದು ಮತ್ತೊಂದು ಅವಮಾನ. ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಮಾತು ಕೈ ಮೀರಿತು ಅನಿಸಿದರೆ ಸೆಟ್ಟಿಂಗ್‌ನಲ್ಲಿ ‘ಅಡ್ಮಿನ್ ಮಾತ್ರ ಬರೆಯಬಹುದು’ ಅಂತ ಮಾಡಿ. ‘ಬೆಳಿಗ್ಗೆ ಏಳಕ್ಕೆ ಮತ್ತೆ ತೆರೆಯುತ್ತೇವೆ, ಎಲ್ಲರೂ ಮಲಗಿ’ ಅಂತ ಒಂದು ಸಾಲು ಹಾಕಿ. ಹೇಳಿದ ಹೊತ್ತಿಗೆ ಸರಿಯಾಗಿ ತೆರೆಯಿರಿ.

ಕೇಸಾದರೆ ನಮ್ಮ ತಲೆಗೆ ಬರುತ್ತದೆ ಅಂತ ಅಡ್ಮಿನ್ ಆಗಲು ಹೆದರುವವರಿದ್ದಾರೆ. ಸದಸ್ಯರು ಹಾಕಿದ ಕೆಟ್ಟ ಸಂದೇಶಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಹೇಳಿದೆ.

ಸುಮ್ಮನೆ ಹೋದವರನ್ನು ವಿಚಾರಿಸಿ

ಈಗ ಯಾರಾದರೂ ಗುಂಪು ಬಿಟ್ಟರೆ ಅಡ್ಮಿನ್‌ಗೆ ಮಾತ್ರ ಸೂಚನೆ ಬರುತ್ತದೆ. ‘ಹೋದರೆ ಹೋಗಲಿ’ ಅನ್ನಬೇಡಿ. ಎರಡು ದಿನ ಬಿಟ್ಟು ಒಂದು ಫೋನ್ ಮಾಡಿ, ಸೌಖ್ಯವಾ ಅಂತ ಕೇಳಿ. ಕಳೆದ ಮಳೆಗಾಲದಲ್ಲಿ ಹೀಗೆ ಹೋದ ಅಕ್ಕನೊಬ್ಬರಿಗೆ ನಾನು ಫೋನ್ ಮಾಡಿದೆ. ಯಾರ ಮಾತೋ ನೋಯಿಸಿರಬೇಕು ಅಂದುಕೊಂಡಿದ್ದೆ. ‘ಹಾಗೆಲ್ಲ ಎಂತ ಇಲ್ಲ ಮಾರಾಯ್ರೇ, ರಾತ್ರಿ ಫೋನ್ ಟಿಂಗ್ ಟಿಂಗ್ ಅಂದ ಕೂಡಲೇ ಮಗು ಏಳುತ್ತದೆ’ ಅಂದರು. ಗುಂಪಿನ ಸದ್ದು ನಿಲ್ಲಿಸುವುದು ಹೇಗೆ ಅಂತ ಅವರಿಗೆ ಗೊತ್ತಿರಲಿಲ್ಲ. ಫೋನ್‌ನಲ್ಲೇ ಹೇಳಿಕೊಟ್ಟೆ. ಆ ರಾತ್ರಿಯೇ ವಾಪಸ್ ಬಂದರು. ಜೊತೆಗೆ, ರಾತ್ರಿ ಒಂಬತ್ತರ ಮೇಲೆ ತುರ್ತು ಸುದ್ದಿ ಮಾತ್ರ ಹಾಕೋಣವಾ ಅಂತ ಗುಂಪಿನಲ್ಲಿ ಕೇಳಿದ್ದೂ ಅವರೇ. ಪೋಲ್ ಹಾಕಿದೆವು. ಎಲ್ಲರೂ ಒಪ್ಪಿದರು.