ಬೈಕಿಗೊಂದು ಕಡತ: ಉಳ್ಳಾಲದಿಂದ ಸುನೌಲಿಯವರೆಗೆ

ಸೆಪ್ಟೆಂಬರಿನ ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯುತ್ತಿದ್ದೆ. ಸ್ಟೀರಿಂಗ್ ಹೆಡ್ಡಿನ ಬಲಬದಿಯಲ್ಲಿ, ಕೇಬಲ್ಲುಗಳ ಹಿಂದೆ ಕೊರೆದ ನಂಬರದು. ಮೇಲೆ ಬಿಳಿ ಕಾಗದ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿದರೆ ಅಕ್ಷರಗಳು ಮೂಡಬೇಕು. ಮೂಡಿದವು, ಆದರೆ ಕೊನೆಯ ನಾಲ್ಕು ಅಂಕೆಗಳಲ್ಲಿ ಎರಡು ಬರೀ ಕಪ್ಪು ಕಲೆ. ನಮ್ಮ ಮನೆಯಿಂದ ಕಡಲಿಗೆ ಕೂಗಳತೆಯ ದೂರ. ಐದು ಮಳೆಗಾಲದ ಉಪ್ಪುಗಾಳಿ ತಿಂದ ಕಬ್ಬಿಣ ಅಲ್ಲಿ ತುಕ್ಕು ಹಿಡಿದು ಉಬ್ಬಿತ್ತು. ಒಂದು ಅಂಕೆ 3 ಇರಬಹುದು, 8 ಇರಬಹುದು. ಆರ್‌ಸಿಯಲ್ಲಿ 8 ಎಂದಿತ್ತು. ಬೈಕ್ ಮಾತ್ರ ಅದನ್ನು ಹೇಳುತ್ತಿರಲಿಲ್ಲ.

ನೇಪಾಳಕ್ಕೆ ಹೊರಡುವುದೆಂದು ಜೂನ್‌ನಲ್ಲೇ ತೀರ್ಮಾನವಾಗಿತ್ತು. ಕಾಗದಪತ್ರ ಎಂದರೆ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ತುಂಬುವುದು ಎಂದೇ ಅಲ್ಲಿಯವರೆಗೆ ತಿಳಿದಿದ್ದೆ. ಆ ಪೆನ್ಸಿಲ್ ಗುರುತು ನೋಡಿದ ಮೇಲೆ ನನ್ನ ಕೆಲಸವೇ ಬೇರೆಯಾಯಿತು. ಗಡಿಯಲ್ಲಿ ಕೂತವರಿಗೆ ನಾನು ಯಾರೆಂದು ಗೊತ್ತಿಲ್ಲ, ಈ ಬೈಕ್ ಯಾರದೆಂದೂ ಗೊತ್ತಿಲ್ಲ. ಅವರು ಒಂದು ಕಾಗದವನ್ನು ಇನ್ನೊಂದರ ಪಕ್ಕ ಇಟ್ಟು ನೋಡುತ್ತಾರೆ, ಅಷ್ಟೆ. ಹಾಗಾಗಿ ಪ್ರತಿಯೊಂದು ಕಾಗದವೂ ಉಳಿದ ಎಲ್ಲ ಕಾಗದಗಳ ಜೊತೆ ಒಂದೇ ಮಾತು ಹೇಳಬೇಕು. ಹೊರಡುವವರೆಗೆ ನಾನು ಮಾಡಿದ್ದು ಅದೊಂದೇ ಕೆಲಸ.

ಮೊದಲು ಚಾಸಿಸ್ ವಿಷಯ ಮುಗಿಸುತ್ತೇನೆ. ತೊಕ್ಕೊಟ್ಟಿನ ಗ್ಯಾರೇಜಿನ ಹುಡುಗ ಎಮರಿ ಪೇಪರ್ ಕೈಗೆತ್ತಿಕೊಂಡ. ಬೇಡ ಎಂದು ತಡೆದೆ. ಕೊರೆದ ನಂಬರಿನ ಮೇಲೆ ಉಜ್ಜಿದ ಗೆರೆ ಕಂಡರೆ ನೋಡುವವರಿಗೆ ನಂಬರ್ ತಿದ್ದಿದ್ದಾರೆಂಬ ಸಂಶಯ ಹುಟ್ಟುವುದು ಸಹಜ, ಮತ್ತೆ ಅದನ್ನು ಅಲ್ಲಗಳೆಯಲು ನಮ್ಮ ಹತ್ತಿರ ಏನೂ ಇರುವುದಿಲ್ಲ. ಚಿಮಿಣಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ರಾತ್ರಿಯಿಡೀ ಅಲ್ಲಿ ಸುತ್ತಿಟ್ಟು, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿದೆ. ಹೀಗೆ ಮೂರು ದಿನ. ನಾಲ್ಕನೇ ದಿನದ ಪ್ರಿಂಟ್‌ನಲ್ಲಿ 8ರ ಎರಡೂ ಸೊನ್ನೆಗಳು ಸ್ಪಷ್ಟವಾಗಿ ಮೂಡಿದವು. ಮೇಲೆ ತೆಳ್ಳಗೆ ಗ್ರೀಸ್ ಸವರಿದೆ. ಚಾಸಿಸ್ ನಂಬರಿನಲ್ಲಿ ಒಟ್ಟು 17 ಅಕ್ಷರಗಳಿರುತ್ತವೆ. ಇಂಗ್ಲಿಷಿನ ಐ, ಒ, ಕ್ಯು ಎಂಬ ಮೂರು ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ, 1 ಮತ್ತು 0 ಜೊತೆ ಗೊಂದಲ ಬೇಡವೆಂದು. ಆದ್ದರಿಂದ ಗುಂಡಗೆ ಕಂಡದ್ದು ಸೊನ್ನೆಯೇ. ಅರ್ಜಿ ತುಂಬುವಾಗ ಇದು ಗೊತ್ತಿದ್ದರೆ ಒಳ್ಳೆಯದು.

ಹೆಸರಿನ ವಿಷಯ ಇದಕ್ಕಿಂತ ದೊಡ್ಡದಾಯಿತು. ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೂಜಾರಿ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಶಾಲೆಯ ಮಾಸ್ತರರು ಕೊನೆಗೆ ವೈ ಹಾಕಿದ್ದರು, ಲೈಸೆನ್ಸ್ ಮಾಡಿಸಿದ ಡ್ರೈವಿಂಗ್ ಸ್ಕೂಲಿನವರು ಐ ಹಾಕಿದರು. ಪಾಸ್‌ಪೋರ್ಟಿನಲ್ಲಿ ಶಾಲೆಯ ದಾಖಲೆಯಂತೆ ವೈ. ಆರ್‌ಸಿಯಲ್ಲೂ ವೈ. ಲೈಸೆನ್ಸಿನಲ್ಲಿ ಮಾತ್ರ ಐ, ಅದೂ ಮುಂದೊಂದು ಇನಿಶಿಯಲ್ ಸೇರಿಸಿ. ಊರಲ್ಲಿ 14 ವರ್ಷ ಇದನ್ನು ಯಾರೂ ಕೇಳಲಿಲ್ಲ. ಬೈಂದೂರಿನಿಂದ ತಲಪಾಡಿಯವರೆಗೆ ಎಲ್ಲ ಪೊಲೀಸರಿಗೂ ಅದು ಒಂದೇ ಹೆಸರೆಂದು ಗೊತ್ತು. ಗಡಿಯಾಚೆ ನೇಪಾಳದ ಭೈರಹವಾದಲ್ಲಿ ಕೂತವರಿಗೆ ಪೂಜಾರಿ ಎಂದರೆ ದೇವಸ್ಥಾನದಲ್ಲಿ ಪೂಜೆ ಮಾಡುವವರು, ಅದು ನಮ್ಮ ಹೆಸರಿನ ಭಾಗ ಎಂಬುದೇ ಅವರಿಗೆ ಹೊಸದು. ಲೈಸೆನ್ಸಿನ ಕೆಲಸಕ್ಕಿರುವ ಸರ್ಕಾರದ ಸಾರಥಿ ಪೋರ್ಟಲಿನಲ್ಲಿ ಹೆಸರು ತಿದ್ದುಪಡಿಗೆ ಅರ್ಜಿ ಹಾಕಿ, ಪಾಸ್‌ಪೋರ್ಟ್ ಮತ್ತು ಶಾಲೆಯ ಟಿಸಿ ಹಿಡಿದು ನೆಹರೂ ಮೈದಾನದ ಪಕ್ಕದ ಆರ್‌ಟಿಒ ಕಚೇರಿಗೆ ಹೋದೆ. ಹೊಸ ಕಾರ್ಡ್ ಅಂಚೆಯಲ್ಲಿ ಬಂದಾಗ ನಾನು ಅದನ್ನು ಪಾಸ್‌ಪೋರ್ಟ್ ಪಕ್ಕ ಇಟ್ಟು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಿದೆ. ಅಮ್ಮ ಒಳಗಿನಿಂದ ಬಂದು "ಎಂತ ಮಂತ್ರ ಹೇಳುತ್ತಾ ಇದ್ದೀ?" ಎಂದು ಕೇಳಿದರು.

ನೇಪಾಳಕ್ಕೆ ಹೋಗಲು ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಇದ್ದರೆ ಸಾಕು. ಆದರೆ ಆಧಾರ್ ಕಾರ್ಡ್ ನಮ್ಮ ವಯಸ್ಸಿನವರಿಗೆ ನಡೆಯುವುದಿಲ್ಲ, ಇಲ್ಲಿ ತುಂಬ ಜನ ಎಡವುತ್ತಾರೆ. ನಾನು ಪಾಸ್‌ಪೋರ್ಟ್ ಮುಖ್ಯವಾಗಿ ಇಟ್ಟುಕೊಂಡು, ಮತದಾರರ ಚೀಟಿಯನ್ನೂ ಜೊತೆಗೆ ತೆಗೆದುಕೊಂಡೆ. ಹಳೆಯ ಚೀಟಿ ಗೋದ್ರೆಜ್ ಕಪಾಟಿನಲ್ಲಿದ್ದರೂ ಲ್ಯಾಮಿನೇಷನ್ ಒಳಗೆ ಬೂಷ್ಟು ಹಿಡಿದು ಫೋಟೋದ ಅರ್ಧ ಮುಖ ಹೋಗಿತ್ತು. ಫಾರ್ಮ್ 8 ತುಂಬಿ ಹೊಸದು ತರಿಸಿದೆ. ನಮ್ಮ ಕರಾವಳಿಯವರು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಮನೆಯ ಕಾಗದಗಳನ್ನೆಲ್ಲ ಬಿಸಿಲಿಗೆ ತೆಗೆದು ನೋಡಬೇಕು.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಕೂತಿತ್ತು. ಸಾಲ ತೀರಿಸಿ ಎರಡು ವರ್ಷವಾಗಿತ್ತು. ಸಾಲ ತೀರಿದ ದಿನವೇ ಬ್ಯಾಂಕಿನಿಂದ ಎನ್‌ಒಸಿ ಮತ್ತು ಸಹಿ, ಸೀಲು ಹಾಕಿದ ಫಾರ್ಮ್ 35 ಪಡೆದು ಆರ್‌ಟಿಒದಲ್ಲಿ ಹೈಪೋಥಿಕೇಷನ್, ಅಂದರೆ ಗಾಡಿಯ ಮೇಲೆ ಬ್ಯಾಂಕಿನ ಸಾಲವಿದೆ ಎಂಬ ನಮೂದು, ತೆಗೆಸಬೇಕಿತ್ತು. ನಾನು ಎನ್‌ಒಸಿ ತಂದು ಫೈಲಿಗೆ ಹಾಕಿ ಮರೆತಿದ್ದೆ. ಅದರ ಅವಧಿ ಮುಗಿದು, ಮತ್ತೆ ಬ್ಯಾಂಕಿಗೆ ಹೋಗಿ ಹೊಸದು ಕೇಳಬೇಕಾಯಿತು. ಸಾಲ ಇರುವವರೂ ಗಡಿ ದಾಟಬಹುದು. ಆದರೆ ಬ್ಯಾಂಕಿನಿಂದ ಇಂಥ ದೇಶಕ್ಕೆ ಗಾಡಿ ಒಯ್ಯಲು ಅಡ್ಡಿಯಿಲ್ಲ ಎಂಬ ಪತ್ರ ಇರಲೇಬೇಕೆಂದು ನನ್ನ ಅಭಿಪ್ರಾಯ.

ಕುಂದಾಪುರದ ಗೆಳೆಯ ಜೊತೆಗೆ ಬರುವವನಿದ್ದ. ಹೊರಡಲು ಹತ್ತು ದಿನ ಇರುವಾಗ ಫೋನ್ ಮಾಡಿದ. "ಗಾಡಿ ಅಪ್ಪಯ್ಯನ ಹೆಸ್ರಲ್ಲಿತ್ತ್ ಮಾರಾಯ, ಅಡ್ಡಿಲ್ಯಾ?" ಅಡ್ಡಿ ಇದೆ. ಮಾಲೀಕರು ಜೊತೆಗಿಲ್ಲದಿದ್ದರೆ ಅವರ ಒಪ್ಪಿಗೆ ಪತ್ರ ಬೇಕು. ಸೊಸೈಟಿಯಲ್ಲಿ ಇ-ಸ್ಟಾಂಪ್ ಪೇಪರ್ ತೆಗೆದು, ಗಾಡಿಯ ನಂಬರ್, ಚಾಸಿಸ್ ಮತ್ತು ಎಂಜಿನ್ ನಂಬರ್, ಮಗನ ಲೈಸೆನ್ಸ್ ನಂಬರ್, ಯಾವ ದೇಶ, ಯಾವ ದಿನದಿಂದ ಯಾವ ದಿನದವರೆಗೆ ಎಂದೆಲ್ಲ ಇಂಗ್ಲಿಷಿನಲ್ಲಿ ಬರೆಸಿ, ನೋಟರಿ ಮಾಡಿಸಿದೆವು. ಅಪ್ಪಯ್ಯನ ಗುರುತಿನ ಚೀಟಿಯ ಜೆರಾಕ್ಸ್ ಅದಕ್ಕೆ ಲಗತ್ತಿಸಿದೆವು. ದಿನಾಂಕ ಬರೆಯುವಾಗ ಹಿಂದೆ ಮುಂದೆ ಹತ್ತು ಹತ್ತು ದಿನ ಹೆಚ್ಚು ಹಾಕಿಸಿದ್ದು ನನ್ನ ಒತ್ತಾಯ.

ಇನ್ಶೂರೆನ್ಸ್ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ನಮ್ಮ ಮಾಮೂಲಿ ಪಾಲಿಸಿ ಭಾರತದ ಗಡಿಯೊಳಗೆ ಮಾತ್ರ. ಗಡಿಯಾಚೆ ಏನಾದರೂ ಆದರೆ ಕಂಪನಿಯ ಹೊಣೆ ಇಲ್ಲ. ಆದರೆ ಭೌಗೋಳಿಕ ವ್ಯಾಪ್ತಿ ವಿಸ್ತರಣೆ ಎಂಬ ಸೇರ್ಪಡೆ ಉಂಟು, ಪಾಲಿಸಿಯ ಭಾಷೆಯಲ್ಲಿ ಐಎಂಟಿ 1. ಬಾಂಗ್ಲಾದೇಶ, ಭೂತಾನ್, ನೇಪಾಳ, ಪಾಕಿಸ್ತಾನ, ಶ್ರೀಲಂಕಾ, ಮಾಲ್ದೀವ್ಸ್ ಎಂಬ ಆರು ದೇಶಗಳಿಗೆ ಅದು ಅನ್ವಯಿಸುತ್ತದೆ. ಏಜೆಂಟರ ಹತ್ತಿರ ಕೇಳಿದಾಗ, "ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಯಾರೂ ಇದನ್ನು ಕೇಳಿಲ್ಲ ಮಾರಾಯ್ರೆ" ಎಂದರು. ನಾನು ಆ ಹೆಸರನ್ನೇ ಬರೆದು ಇಮೇಲ್ ಕಳಿಸಿದೆ. ವಾರದೊಳಗೆ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ಪತ್ರ, ಬಂತು. ನಮ್ಮಂಥ ಬಂದರಿನ ಊರಿನವರು ಗಮನಿಸಬೇಕಾದ ಒಂದು ಸಾಲು ಅದರಲ್ಲಿದೆ: ಗಾಡಿಯನ್ನು ಹಡಗಿನಲ್ಲೋ ವಿಮಾನದಲ್ಲೋ ಸಾಗಿಸುವಾಗ ಆಗುವ ಹಾನಿಗೆ ಈ ವಿಸ್ತರಣೆ ಅನ್ವಯಿಸುವುದಿಲ್ಲ. ಅದಕ್ಕೆ ಸಾಗಣೆಯ ವಿಮೆ ಬೇರೆಯೇ ಮಾಡಿಸಬೇಕು.

ಎಮಿಷನ್ ಟೆಸ್ಟ್ ಪಂಪ್‌ವೆಲ್ ಹತ್ತಿರ ಹತ್ತು ನಿಮಿಷದ ಕೆಲಸ.

ಎಲ್ಲದರ ನಾಲ್ಕು ನಾಲ್ಕು ಜೆರಾಕ್ಸ್ ಹಂಪನಕಟ್ಟೆಯಲ್ಲಿ ಮಾಡಿಸಿದೆ. ಪಾಸ್‌ಪೋರ್ಟ್ ಅಳತೆಯ ಫೋಟೋ ಎಂಟು. ಮೂಲ ಪತ್ರಗಳು ಟ್ಯಾಂಕ್ ಬ್ಯಾಗಿನಲ್ಲಿ, ಒಂದು ಸೆಟ್ ಜೆರಾಕ್ಸ್ ಸೀಟಿನಡಿ, ಒಂದು ಸೆಟ್ ಗೆಳೆಯನ ಚೀಲದಲ್ಲಿ, ಅವನದ್ದು ನನ್ನಲ್ಲಿ. ಮೊಬೈಲಿನಲ್ಲಿ ದಾಖಲೆ ತೋರಿಸುವ ಡಿಜಿಲಾಕರ್ ನಮ್ಮ ದೇಶದೊಳಗೆ ಕಾನೂನಿನ ಪ್ರಕಾರ ನಡೆಯುತ್ತದೆ. ನೇಪಾಳದ ಗಡಿಯ ಊರು ಸುನೌಲಿಯ ಕಮಾನು ದಾಟಿದ ಮೇಲೆ ಅದಕ್ಕೆ ಬೆಲೆಯಿಲ್ಲ, ನಮ್ಮ ಸಿಮ್ಮಿನ ನೆಟ್‌ವರ್ಕೂ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು, ನಾವು ಹೋದ ಕಾಲಕ್ಕೆ ನೇಪಾಳದಲ್ಲಿ 100 ರೂಪಾಯಿಗಿಂತ ದೊಡ್ಡ ಭಾರತದ ನೋಟಿಗೆ ನಿಷೇಧವಿತ್ತು. ಬ್ಯಾಂಕಿನಿಂದ ನೂರರ ನೋಟುಗಳ ಕಟ್ಟನ್ನೇ ತಂದಿಟ್ಟುಕೊಂಡೆ. ನಮ್ಮ 100 ರೂಪಾಯಿ ಎಂದರೆ ಅಲ್ಲಿ 160.

2024ರ ನವೆಂಬರ್ 3, ಬಲಿಪಾಡ್ಯಮಿಯ ಮರುದಿನ, ಬೆಳಕು ಹರಿಯುವ ಮೊದಲು ನೇತ್ರಾವತಿ ಸೇತುವೆ ದಾಟಿದೆವು. ಹುಬ್ಬಳ್ಳಿ, ಸೊಲ್ಲಾಪುರ, ನಾಗಪುರ, ಜಬಲ್ಪುರ, ಪ್ರಯಾಗರಾಜ್, ಗೋರಖಪುರ. ಐದು ದಿನದ ದಾರಿ. 8ರ ಬೆಳಿಗ್ಗೆ ಸುನೌಲಿ.

ಗಡಿ ದಾಟಿದ ಕೂಡಲೇ ಬೆಲಹಿಯಾದಲ್ಲಿ ಭನ್ಸಾರ್ ಕಚೇರಿ, ಅಂದರೆ ಅವರ ಕಸ್ಟಮ್ಸ್. ಲೈಸೆನ್ಸ್, ಆರ್‌ಸಿ, ಗುರುತಿನ ಚೀಟಿ ತೋರಿಸಿ, ಅರ್ಜಿ ತುಂಬಿ, ಎಷ್ಟು ದಿನ ಎಂದು ಹೇಳಿ, ದಿನದ ಲೆಕ್ಕದಲ್ಲಿ ಹಣ ಕಟ್ಟಬೇಕು. ಆ ರಶೀದಿಯೇ ನಮ್ಮ ಗಾಡಿಗೆ ಆ ದೇಶದಲ್ಲಿ ಓಡಾಡಲು ಪರವಾನಗಿ. ವಿದೇಶಿ ಗಾಡಿ ವರ್ಷಕ್ಕೆ 30 ದಿನ ಮಾತ್ರ ಅಲ್ಲಿರಬಹುದು. ಕಟ್ಟಿದ ದಿನಕ್ಕಿಂತ ಹೆಚ್ಚು ಉಳಿದರೆ ದಂಡ. ನಮ್ಮ ತಿರುಗಾಟ ಎಂಟು ದಿನದ್ದು, ನಾನು ಹತ್ತು ದಿನಕ್ಕೆ ಕಟ್ಟಿದೆ. ಆ ವರ್ಷ ಸೆಪ್ಟೆಂಬರ್ ಕೊನೆಯ ಮಹಾಮಳೆಗೆ ನೇಪಾಳದಲ್ಲಿ ರಸ್ತೆಗಳು ಹಲವು ಕಡೆ ಕುಸಿದಿದ್ದವು. ಎರಡು ದಿನದ ಹಣ ಉಳಿಸಲು ಹೋಗಿ ಗುಡ್ಡ ಕುಸಿದ ದಾರಿಯಲ್ಲಿ ಆತುರಪಡುವುದು ನನಗೆ ಬೇಡವಿತ್ತು.

ಇಷ್ಟು ತಯಾರಿ ಮಾಡಿಯೂ ಅಲ್ಲಿ ಒಂದು ತಪ್ಪು ಮಾಡಿದೆ. ಅರ್ಜಿಯಲ್ಲಿ ಗಾಡಿಯ ನಂಬರ್ ಬರೆಯುವಾಗ ಅವಸರದಲ್ಲಿ ನನ್ನ 1 ಮತ್ತು 7 ಒಂದೇ ಥರ ಆಗಿತ್ತು. ಕೌಂಟರಿನವರು ಬರೆದದ್ದನ್ನು ಹಾಗೆಯೇ ಏರಿಸಿದರು. ರಶೀದಿ ಮಡಚಿ ಜೇಬಿಗೆ ಹಾಕಿ, ಆಚೆ ಬದಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಬಿಡಿಸಿ ನೋಡಿದರೆ ಕೊನೆಯ ಅಂಕೆ 7. ನಂಬರ್ ಪ್ಲೇಟಿನಲ್ಲಿ 1. ಚಹಾ ಅರ್ಧಕ್ಕೇ ಬಿಟ್ಟು ವಾಪಸು ಓಡಿದೆ. ಆರ್‌ಸಿ ಪಕ್ಕಕ್ಕಿಟ್ಟು ತೋರಿಸಿದಾಗ ತಿದ್ದಿ ಬೇರೆ ರಶೀದಿ ಕೊಟ್ಟರು. ಮುಂದೆ ಪೋಖರಾದಿಂದ ಕಾಠ್ಮಂಡುವಿಗೆ ಹೋಗುವಾಗ ಮುಗ್ಲಿಂಗ್‌ನಲ್ಲಿ ಪೊಲೀಸರು ನಿಲ್ಲಿಸಿ ರಶೀದಿ ಕೇಳಿ, ಬಗ್ಗಿ ಪ್ಲೇಟ್ ನೋಡಿದರು. ಆಗ ನನ್ನ ಎದೆ ಹೊಡೆದುಕೊಂಡದ್ದು ಇನ್ನೂ ನೆನಪಿದೆ.

ರಶೀದಿಯ ತಾರೀಕು ಓದುವುದೂ ಒಂದು ಕೆಲಸ. ಅಲ್ಲಿ ವಿಕ್ರಮ ಸಂವತ್. ನಾವು ಒಳಗೆ ಹೋದ ದಿನ ಕಾರ್ತಿಕ 23, 2081. ಗೆಳೆಯನಿಗೆ ಗೊಂದಲ, ದೀಪಾವಳಿ ಮುಗಿದು ಕಾರ್ತಿಕ ಶುರುವಾಗಿ ವಾರವೂ ಆಗಿಲ್ಲ, 23 ಹೇಗೆ? ನನಗೆ ಥಟ್ಟನೆ ಹೊಳೆಯಿತು. ಅದು ಚಾಂದ್ರಮಾನದ ಕಾರ್ತಿಕವಲ್ಲ, ಸೌರಮಾನದ್ದು. ನಮ್ಮ ತುಳು ತಿಂಗಳಿನ ಹಾಗೆ ಸಂಕ್ರಾಂತಿಯಿಂದ ಸಂಕ್ರಾಂತಿಗೆ ಎಣಿಸುವುದು. ಅವರ ಹೊಸ ವರ್ಷವೂ ನಮ್ಮ ತುಳುವರ ಹೊಸ ವರ್ಷವಾದ ಬಿಸುವಿನ ಆಸುಪಾಸಿನಲ್ಲೇ. ಹಾಗಾದರೆ ಅವರ ಕಾರ್ತಿಕ ನಮ್ಮ ಬೊಂತೆಲ್, ಮುಂದಿನ ಮಂಗ್ಸಿರ್ ನಮ್ಮ ಜಾರ್ದೆ. ಸಂಕ್ರಮಣದ ದಿನವನ್ನು ಎತ್ತ ಸೇರಿಸುತ್ತಾರೆ ಎಂಬುದರ ಮೇಲೆ ಒಂದು ದಿನ ಹಿಂದುಮುಂದು, ಅಷ್ಟೆ. ನಮ್ಮ ಹತ್ತು ದಿನ ಮುಗಿಯುವುದು ಮಂಗ್ಸಿರ್ 2ಕ್ಕೆ, ಅಂದರೆ ನವೆಂಬರ್ 17. ಕೌಂಟರಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡು, ರಶೀದಿಯ ಜೆರಾಕ್ಸ್ ಹಿಂದೆ ಇಂಗ್ಲಿಷ್ ತಾರೀಕು ದೊಡ್ಡದಾಗಿ ಬರೆದಿಟ್ಟೆ. ಅಜ್ಜಿ ಹೇಳುತ್ತಿದ್ದ ತಿಂಗಳ ಹೆಸರುಗಳು ಹಿಮಾಲಯದ ಬುಡದಲ್ಲಿ ಉಪಯೋಗಕ್ಕೆ ಬಂದದ್ದು ನನಗೆ ತುಂಬಾ ಖುಷಿಯಾಯಿತು.

ನೇಪಾಳ, ಭೂತಾನಿಗೆ ನಮ್ಮ ಗಾಡಿ ಒಯ್ಯಲು ಕಾರ್ನೆ, ಅಂದರೆ ಸುಂಕ ಕಟ್ಟದೆ ಗಾಡಿಯನ್ನು ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಒಯ್ಯುವ ಕಸ್ಟಮ್ಸ್ ಪುಸ್ತಕ, ಬೇಡ. ಅದಕ್ಕಿಂತ ದೂರ ಹೋಗುವವರಿಗೆ, ಉದಾಹರಣೆಗೆ ಇರಾನಿಗೆ, ಬೇಕೇ ಬೇಕು. ಉಡುಪಿಯ ಅಜ್ಜರಕಾಡಿನ ಹಿರಿಯರೊಬ್ಬರು ತೆಗೆಸಿದ್ದರು, ಅವರ ಮನೆ ಜಗಲಿಯಲ್ಲಿ ಕೂತು ಅದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಅದನ್ನು ಕೊಡುತ್ತದೆ. ಒಂದು ವರ್ಷ ಅವಧಿ, ಗಾಡಿಯ ಬೆಲೆ ನೋಡಿ ಬ್ಯಾಂಕ್ ಗ್ಯಾರಂಟಿ. ಪ್ರತಿ ಹಾಳೆಯಲ್ಲಿ ಮೂರು ಭಾಗ. ದೇಶದೊಳಗೆ ಹೋಗುವಾಗ ಕೆಳಗಿನ ಭಾಗ ಹರಿದುಕೊಳ್ಳುತ್ತಾರೆ, ಹೊರಬರುವಾಗ ನಡುವಿನದ್ದು. ಮೇಲಿನದು ಎರಡೂ ಮುದ್ರೆಗಳ ಜೊತೆ ನಮ್ಮಲ್ಲೇ ಉಳಿಯುತ್ತದೆ. "ಹೊರಡುವ ಮುದ್ರೆ ಒಂದು ತಪ್ಪಿದರೂ ಗಾಡಿ ಅಲ್ಲೇ ಮಾರಿದ ಲೆಕ್ಕ, ಸುಂಕ ನಮ್ಮ ಗ್ಯಾರಂಟಿಯಿಂದಲೇ ಹೋಗ್ತದೆ" ಎಂದು ಅವರು ಆ ಮುದ್ರೆಗಳನ್ನು ಬೆರಳಿಟ್ಟು ತೋರಿಸಿದರು. ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅದು ನಮ್ಮ ಆರ್‌ಟಿಒದಲ್ಲೇ 1,000 ರೂಪಾಯಿಗೆ ಸಿಗುತ್ತದೆ, ಒಂದು ವರ್ಷಕ್ಕೆ. ನನಗೆ ನೇಪಾಳದಲ್ಲಿ ಅದರ ಅಗತ್ಯವಿರಲಿಲ್ಲ, ನಮ್ಮ ಲೈಸೆನ್ಸೇ ಸಾಕಾಯಿತು.

ನವೆಂಬರ್ 16ರ ಮಧ್ಯಾಹ್ನ, ಒಂದು ದಿನ ಉಳಿದಿರುವಾಗಲೇ, ಸುನೌಲಿಯಲ್ಲಿ ವಾಪಸು ದಾಟಿದೆವು. ರಶೀದಿಯನ್ನು ಎಸೆಯದೆ ಊರಿಗೆ ತಂದೆ. 30 ದಿನದಲ್ಲಿ ಕಟ್ಟಿದ್ದು ಹತ್ತು. ಗಾಳಿಯಾಡದ ಡಬ್ಬಿಯಲ್ಲಿ, ಪಾಸ್‌ಪೋರ್ಟಿನ ಅಡಿಯಲ್ಲಿ, ಆ ಪೆನ್ಸಿಲ್ ಪ್ರಿಂಟಿನ ಜೊತೆ ಅದನ್ನು ಇಟ್ಟಿದ್ದೇನೆ.